ಅನುಬಂಧ ಏಳು

ಕಾರವಾರದ ಕಚೇರಿಯಲ್ಲಿ ನಾನು ಭಾಷಾಂತರದ ಗುಮಾಸ್ತ.
ಮನೆಯಲ್ಲಿ ಕೊಂಕಣಿ, ಮೇಜಿನ ಮೇಲೆ ಕನ್ನಡ,
ಪರದೇಶದವರು ಬಂದ ದಿನ ಇಂಗ್ಲಿಷು.
ಮೂರಕ್ಕೂ ಒಂದೇ ನಾಲಿಗೆ, ಒಂದೇ ಸಂಬಳ.

ಒಡಂಬಡಿಕೆಯ ಮೊದಲ ಸಾಲಲ್ಲೇ ಕುಳಿತಿತ್ತು ಆ ಪದ.
ಸಹಭಾಗಿತ್ವ ಎಂದು ಬರೆದೆ,
ಬಾಯಿಗೆ ಬಟ್ಟೆ ತುರುಕಿದ ಹಾಗಿತ್ತು.
ಸಹಯೋಗ, ತೀರ ಮದುವೆ ಕಾಗದ.
ಕೊನೆಗೆ ಪಾಲುಗಾರಿಕೆ ಅಂದೆ.
ಬಾಳಿಕಾಯಿ ಸಾಹೇಬರು, ಹಾವೇರಿ ಕಡೆಯ ಇಂಜಿನಿಯರು,
'ನಡೀತದ ಬಿಡ್ರಿ' ಎಂದು ಸಹಿ ಹಾಕಿದರು.

ಅಘನಾಶಿನಿಯ ಅಳಿವೆ ಬದಿಯ ಶಾಲೆಯಲ್ಲಿ ಸಭೆ.
ಒಂದನೇ ಈಯತ್ತೆಯ ಬೆಂಚಿನ ಮೇಲೆ
ಹಾಲೆಂಡಿನ ಮರಿಕೆ ಮೇಡಂ
ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು.
ಸರಕಾರದ್ದು ಮೂವತ್ತು, ಏಜೆನ್ಸಿಯದು ಅರವತ್ತು,
ಊರಿನದು ಹತ್ತು, ಶ್ರಮದ ರೂಪದಲ್ಲಿ,
ಎಂದು ಓದಿದೆ.

ಸಿಗಡಿ ಬುಟ್ಟಿ ಇಳಿಸಿ ಬಂದಿದ್ದ ಗುಲಾಬಿ ಅಂಬಿಗ ಎದ್ದಳು:
'ರಂಪಣಿ ಎಳೀವಾಗ ಹಗ್ಗ ಮುಟ್ಟಿದವ್ರಿಗೆಲ್ಲ ಒಂದು ಪಾಲಿತ್ತು.
ಗಂಡ ಸತ್ತವಳು ಬರೀ ಬುಟ್ಟಿ ಹಿಡಿದು ನಿಂತ್ರೂ
ನಾಲ್ಕು ಬಂಗಡೆ ಬೀಳ್ತಿತ್ತು.
ನಿಮ್ಮ ಈ ಪಾಲಲ್ಲಿ ಹಗ್ಗ ಎಲ್ಲದೆ?'

ಇಂಗ್ಲಿಷಿನಲ್ಲಿ ಹೇಳಿದೆ. ಹಗ್ಗ ಅಲ್ಲಿ ಬರೀ ಹಗ್ಗವಾಯಿತು.
ಮೇಡಂ ಬರೆದುಕೊಂಡರು: ಸಾಮಗ್ರಿಯ ಬೇಡಿಕೆ ಇದೆ.
ನಾನು ತಿದ್ದಲಿಲ್ಲ. ಊಟದ ಹೊತ್ತಾಗಿತ್ತು.

ಸರಕಾರದ ವರ್ಷ ಮಾರ್ಚಿಗೆ ಮುಗಿಯುತ್ತದೆ,
ಅವರದ್ದು ಡಿಸೆಂಬರಿಗೆ.
ಗಜನಿಯ ವರ್ಷ ಮಾತ್ರ
ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಹುಟ್ಟಬೇಕು.
ಬೊಮ್ಮಯ್ಯ ಪಟಗಾರ ನೀರಿಗೆ ಬೆರಳದ್ದಿ ನೆಕ್ಕಿ ಹೇಳುತ್ತಾನೆ:
ಇನ್ನೂ ನಾಲ್ಕು ದಿನ, ಕಗ್ಗದ ಬೀಜ ನೆನೆಹಾಕಬೇಡಿ.
ಆ ನಾಲಿಗೆಗೆ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಅನುದಾನ ಬಂದದ್ದು ಮಾರ್ಚ್ ಇಪ್ಪತ್ತೆಂಟಕ್ಕೆ.
ಮೂವತ್ತೊಂದರೊಳಗೆ ಖರ್ಚಾಗಬೇಕು.
ಹುಣ್ಣಿಮೆಯ ಭರತಿಯಲ್ಲಿ ಕಾಂಕ್ರೀಟು ಸುರಿದರು.
ಬೊಮ್ಮಯ್ಯ ಬೇಡವೆಂದ, ಎರಡೂ ಭಾಷೆಯಲ್ಲಿ ಹೇಳಿದೆ,
ಎರಡೂ ಭಾಷೆಯಲ್ಲಿ ತಲೆಯಾಡಿಸಿದರು.
ಹಸಿ ಸಿಮೆಂಟನ್ನು ಹೊಳೆ
ಗಂಜಿ ಬಟ್ಟಲಿನ ಹಾಗೆ ಬಳಿದುಕೊಂಡು ಹೋಯಿತು.

ಭೌತಿಕ ಪ್ರಗತಿ ಶೇಕಡಾ ತೊಂಬತ್ತೆರಡು, ನಮ್ಮವರು ಬರೆದರು.
ಕಲಿತ ಪಾಠಗಳು, ಅವರು ಬರೆದರು, ಒಂದು ಪುಟ.
ಎರಡನ್ನೂ ಅನುವಾದಿಸಿದವ ನಾನೇ.
ಎರಡೂ ಪೂರ್ತಿ ಸುಳ್ಳಾಗಿರಲಿಲ್ಲ, ಅದೇ ಬೇಜಾರು.

ಮರುವರ್ಷ ಯಾರು ಯಾರನ್ನು ಮೊದಲು ಕೇಳಿದರೋ ಗೊತ್ತಿಲ್ಲ.
ಮೇಡಂ ತಮ್ಮ ಮೇಲಿನವರಿಗೆ ಬಿರುಸಾದ ಪತ್ರ ಬರೆದಿದ್ದರು,
ಬಾಳಿಕಾಯಿ ತಮ್ಮ ವರ್ಗವನ್ನು
ಯಾರ ಕಾಲೋ ಹಿಡಿದು ಎರಡು ತಿಂಗಳು ತಳ್ಳಿಸಿಕೊಂಡಿದ್ದರು,
ಹಣ ಮೇ ತನಕ ಖಜಾನೆಯಲ್ಲೇ ಕೂತಿತ್ತು,
ಆಡಿಟಿನವರು ಕೆಂಪು ಶಾಯಿ ಚೆಲ್ಲಿದರು.

ಅಮಾವಾಸ್ಯೆಯ ಇಳತ, ಕೋಳಿ ಕೂಗುವ ಹೊತ್ತು.
ಹಲಗೆ ಇಳಿಸಲು ನಲವತ್ತು ನಿಮಿಷ, ಅಷ್ಟೇ.
ಬಾಳಿಕಾಯಿ ಪ್ಯಾಂಟು ಮಡಚಿ ಕೆಸರಿಗಿಳಿದರು,
ಬಯಲುಸೀಮೆಯ ಕಾಲು, ಒಂದು ಚಪ್ಪಲಿ ಅಲ್ಲೇ ಉಳಿಯಿತು.
ಮೇಡಂ ಟಾರ್ಚು ಬಾಯಲ್ಲಿ ಕಚ್ಚಿ ಹಗ್ಗದ ನಡುವಿಗೆ ನಿಂತರು.
ಕತ್ತದ ಹಗ್ಗ, ಗುಲಾಬಿಯ ಮಾವನ ರಂಪಣಿಯದು,
ಅಟ್ಟದಿಂದ ಇಳಿಸಿದ್ದು, ಇನ್ನೂ ಮೀನಿನ ವಾಸನೆ.
ಬೊಮ್ಮಯ್ಯ 'ಹೋಯ್' ಎಂದರೆ ಎಳೆತ,
'ಹಾಂ' ಎಂದರೆ ಸಡಿಲ.
ನನ್ನನ್ನು ಯಾರೂ ಏನೂ ಕೇಳಲಿಲ್ಲ.
ಕೈ ಖಾಲಿ ಇತ್ತು, ತುದಿ ಹಿಡಿದೆ.

ಜಂತ್ರಡಿ ಕೂತಿತು.
ಎಡಮೂಲೆಯಲ್ಲಿ ಈಗಲೂ ಜಿನುಗುತ್ತದೆ.
ಬಾಳಿಕಾಯಿ ಬೀದರಿಗೆ ಹೋದರು, ಮೇಡಂ ಇನ್ನೊಂದು ಸಮುದ್ರಕ್ಕೆ.
ಹೊಸಬರು ಬಂದು ಒಡಂಬಡಿಕೆಯನ್ನು
ಮೊದಲ ಸಾಲಿನಿಂದ ಓದತೊಡಗಿದರು.

ಅಂತಿಮ ವರದಿ ಟೈಪು ಮಾಡಿದ ರಾತ್ರಿ
ಯಾರೂ ಓದುವುದಿಲ್ಲವೆಂದು ಅನುಬಂಧ ಏಳರಲ್ಲಿ,
ಪಂಪು, ಸಲಿಕೆ, ಮರಳು ಚೀಲಗಳ ಕೆಳಗೆ ಸೇರಿಸಿದ್ದೆ:
ಹಗ್ಗ, ಒಂದು. ಪಾಲು: ಎಲ್ಲರದು.

ಓದಿದ್ದಾರೆ.
ಆ ದೇಶದಿಂದ ಪತ್ರ ಬಂದಿದೆ,
ಸದರಿ ಹಗ್ಗವನ್ನು ಆಸ್ತಿಪಟ್ಟಿಯ ಪ್ರಕಾರ
ಸರಕಾರಕ್ಕೆ ಹಸ್ತಾಂತರಿಸತಕ್ಕದ್ದು.
ಗುಲಾಬಿ ಅದನ್ನು ಬಿಸಿಲಿಗೆ ಒಣಹಾಕಿ
ಅಟ್ಟಕ್ಕೆ ಸೇರಿಸಿ ವರ್ಷವಾಯಿತು.

ಪತ್ರ ಕನ್ನಡಕ್ಕಾಗಿ ನನ್ನ ಮೇಜಿನಲ್ಲಿದೆ, ಮೂರು ವಾರದಿಂದ.
ಸಾಹೇಬರು ದಿನಾ ಕೇಳುತ್ತಾರೆ.
ಸರಿಯಾದ ಪದ ಸಿಗುತ್ತಿಲ್ಲ ಸರ್, ಅನ್ನುತ್ತೇನೆ.